ಐದನೇ ಮಹಡಿಯ ಹಸಿರು ಗೆರೆ

ಕೆಲಸ ಕಳೆದುಕೊಂಡವರು ನಿರುದ್ಯೋಗ ಭತ್ಯೆಗಾಗಿ ತಿಂಗಳಿಗೊಮ್ಮೆ ಬಂದು ಸಹಿ ಹಾಕಬೇಕಾದ ಕಚೇರಿ ಇದ್ದದ್ದು ಐದನೇ ಮಹಡಿಯಲ್ಲಿ. ಆ ಕಟ್ಟಡದ ಲಿಫ್ಟು ನಿಂತು ಮೂರು ತಿಂಗಳಾಗಿತ್ತು. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಸಂಬಳ ಬರುವವರಿಗಂತೂ ಇರಲೇ ಇಲ್ಲ.

ಲಿಫ್ಟ್ ಮೆಕ್ಯಾನಿಕ್ ಊರುಗೋಲು ಹಿಡಿದ ತನ್ನ ಅಕ್ಕನ ಇನ್ನೊಂದು ಕೈ ಹಿಡಿದುಕೊಂಡು ಕೆಳಗಿನ ಬಾಗಿಲಿಗೆ ಬಂದಾಗ ಸಂಜೆ ನಾಲ್ಕು ಗಂಟೆ. ಕಂಪನಿ ಅವನನ್ನು ಮನೆಗೆ ಕಳಿಸಿ ತಿಂಗಳೂ ತುಂಬಿರಲಿಲ್ಲ. ಇದು ಅವನ ಮೊದಲ ಸಹಿ. ಅಕ್ಕ ನೂಲಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ನಿಂತೇ ದುಡಿದವಳು. ಗಿರಣಿ ಅವಳ ಮಂಡಿಗಳನ್ನು ತಾನಿಟ್ಟುಕೊಂಡು ಉಳಿದವಳನ್ನು ವಾಪಸ್ ಕಳಿಸಿತ್ತು. ಕಳೆದ ಎರಡು ತಿಂಗಳೂ ಅವಳು ಈ ಬಾಗಿಲವರೆಗೆ ಬಂದು, ಲಿಫ್ಟನ್ನು ನೋಡಿ, ಮೆಟ್ಟಿಲನ್ನು ನೋಡಿ, ಮನೆಗೆ ಮರಳಿದ್ದಳು. ಮೂರನೇ ಸಲ ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ. ಇವತ್ತೇ ಕೊನೇ ದಿನ. ಕೌಂಟರು ಮುಚ್ಚುವುದು ಐದಕ್ಕೆ.

"ಹೊತ್ಕೊಂಡು ಹೋಗ್ಲಾ ಅಕ್ಕಾ?"

"ಹೊತ್ಕೊಂಡು ಹೋಗೋಕೆ ನಾನಿನ್ನೂ ಬದುಕಿದೀನಿ ಕಣೋ. ನೀನು ಮೇಲೆ ಹೋಗಿ ಆ ಪುಸ್ತಕನೇ ಕೆಳಗೆ ತರೋಕಾಗುತ್ತಾ ಕೇಳು."

ಬೆಂಚಿನ ಮೇಲೆ ಆಗಲೇ ಏಳು ಜನ ಕೂತಿದ್ದರು. ಅಂಗಡಿಯಿಂದ ತೆಗೆದುಹಾಕಿದ್ದ ಒಬ್ಬ ತುಂಬು ಬಸುರಿ, ಕಾಲು ಮುರಿದ ಲಾರಿ ಡ್ರೈವರ್, ನಾಲ್ಕು ಮೆಟ್ಟಿಲಿಗೇ ಏದುಸಿರು ಬರುವ ಮುದುಕರು. ಅಕ್ಕ ಅವರ ನಡುವೆ ಜಾಗ ಮಾಡಿಕೊಂಡು ಕೂತಳು.

ಮೆಕ್ಯಾನಿಕ್ ಮೇಲೆ ಹೋದರೆ ಅಲ್ಲಿ ಚಹಾ ಪಾರ್ಟಿ. ಅಧಿಕಾರಿ ಕಪ್ಪು ಹಿಡಿದು ಸಿಬ್ಬಂದಿಯ ಮುಂದೆ ನಿಂತಿದ್ದ. "ಈ ತಿಂಗಳೂ ಸೇರಿ ಸತತ ಮೂರು ಸಲ ಇಳಿಕೆ! ಭತ್ಯೆ ತಗೊಳ್ಳೋರು ಕಮ್ಮಿ ಆಗ್ತಿದಾರೆ ಅಂದ್ರೇನರ್ಥ? ಜನ ತಮ್ಮ ಕಾಲ ಮೇಲೆ ತಾವು ನಿಂತಿದಾರೆ."

"ನಿಂತಿದಾರೆ ಸಾರ್," ಎಂದ ಮೆಕ್ಯಾನಿಕ್. "ಕೆಳಗಡೆ. ರಿಜಿಸ್ಟರನ್ನ ಅಲ್ಲಿಗೆ ಒಂದು ಹತ್ತು ನಿಮಿಷ ತರೋಕಾಗುತ್ತಾ?"

"ರಿಜಿಸ್ಟರ್ ಈ ಕೋಣೆ ದಾಟೋ ಹಾಗಿಲ್ಲ."

"ಮತ್ತೆ ಲಿಫ್ಟು?" ಎಂದು ಮೆಕ್ಯಾನಿಕ್ ಕೇಳಿದಾಗ, ಅಧಿಕಾರಿ ಅವನ ಫಾರಂನಲ್ಲಿದ್ದ ಕಂಪನಿಯ ಹೆಸರು ನೋಡಿದ.

"ನಿಮ್ಮ ಕಂಪನಿಗೇ ಹನ್ನೊಂದು ಪತ್ರ ಬರೆದಿದೀವಿ. ಒಂದಕ್ಕೂ ಉತ್ತರ ಇಲ್ಲ."

"ಪತ್ರ ಓದೋರನ್ನೇ ಮೊದಲು ತೆಗೆದ್ರು ಸಾರ್. ನಿಮ್ಮ ಪಟ್ಟಿಯಲ್ಲೇ ಇರ್ತಾರೆ, ಹುಡುಕಿ. ನಾನೇ ಒಂದ್ಸಲ ನೋಡ್ಲಾ?"

ಅಧಿಕಾರಿ ನಕ್ಕು ಫಾರಂ ಮೇಲೆ ಬೆರಳಿಟ್ಟ. "ನಾಲ್ಕನೇ ಪ್ರಶ್ನೆ ಓದಿ. ಈ ತಿಂಗಳು ಯಾವುದಾದರೂ ಕೆಲಸ ಮಾಡಿದ್ದೀರಾ? ಲಿಫ್ಟು ಮುಟ್ಟಿದ್ರೆ ಅದು ಕೆಲಸ. ಕೆಲಸ ಮಾಡಿದೋರಿಗೆ ಭತ್ಯೆ ಇಲ್ಲ."

ಮೆಕ್ಯಾನಿಕ್ 'ಇಲ್ಲ' ಎಂದು ಬರೆದು, ಸಹಿ ಹಾಕಿ, ಎರಡೂ ಕೈ ಜೇಬಿಗಿಳಿಸಿ ಹೊರಗೆ ಬಂದ. ಗಂಟೆ ನಾಲ್ಕೂವರೆ. ಬಂದ ಅವಸರದಲ್ಲಿ ಅವನು ಗಮನಿಸಿರದ ಒಂದು ದೊಡ್ಡ ಬೋರ್ಡು ಲಿಫ್ಟಿನ ಗೇಟಿಗೇ ಅಡ್ಡಲಾಗಿ ನೇತಾಡುತ್ತಿತ್ತು. ಭತ್ಯೆ ಪಡೆಯುವವರ ಸಂಖ್ಯೆ, ತಿಂಗಳವಾರು. ಹಸಿರು ಗೆರೆಯೊಂದು ಜಾರುಬಂಡೆಯ ಹಾಗೆ ಕೆಳಗಿಳಿದಿತ್ತು.

"ಚೆನ್ನಾಗಿದ್ಯಾ? ಗೆರೆ ನಾನೇ ಎಳೆದದ್ದು," ಎಂದಳು ಹಿಂದೆಯೇ ಬಂದ ಗುಮಾಸ್ತೆ.

"ಗೆರೆ ಚೆನ್ನಾಗಿದೆ ಮೇಡಂ. ಬೋರ್ಡನ್ನ ಇಲ್ಯಾಕೆ ಕಟ್ಟಿದ್ರಿ?"

"ಗೋಡೆಗೆ ಹೊಸ ಬಣ್ಣ ನೋಡಿ, ಮೊಳೆ ಹೊಡೀಬೇಡಿ ಅಂದ್ರು ಸಾಹೇಬ್ರು. ಅದಕ್ಕೇ ಗೇಟನ್ನ ಒಂದೇ ಒಂದು ಬೆರಳು ಸರಿಸಿ ತಂತಿ ಸುತ್ತಿದೆ."

"ಯಾವಾಗ?"

"ಆಯ್ತು, ಒಂದು ಮೂರು ತಿಂ…" ಅವಳ ಕಣ್ಣು ಬೋರ್ಡಿನಿಂದ ಗೇಟಿಗೆ ಜಾರಿತು.

ಅದು ಮಡಿಚಿ ಎಳೆಯುವ ಕಬ್ಬಿಣದ ಗೇಟಿನ ಹಳೇ ಲಿಫ್ಟು. ಗೇಟು ಒಂದು ಬೆರಳು ತೆರೆದಿದ್ದರೂ ಕೂತಲ್ಲಿಂದ ಏಳುವುದಿಲ್ಲ. ಹದಿನೇಳು ವರ್ಷದ ಕೆಲಸದಲ್ಲಿ ಅವನಿಗೆ ಬಂದ ದೂರುಗಳಲ್ಲಿ ಅರ್ಧ ಇಂಥವೇ. ಬೋರ್ಡಿನ ಹಿಂದೆ ಲಿಫ್ಟಿನ ದೀಪ ಮೂರು ತಿಂಗಳಿಂದ ಉರಿಯುತ್ತಲೇ ಇತ್ತು. ಅವನಿಗೆ ಸಿಟ್ಟು ನೆತ್ತಿಗೇರಿತು. ಬಡವರು ಬರುವ ಬಾಗಿಲನ್ನು ಬಂದವರ ಲೆಕ್ಕದಿಂದಲೇ ಕಟ್ಟಿಹಾಕಿ, ಲೆಕ್ಕ ಇಳಿಯಿತೆಂದು ಒಳಗೆ ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದಾರೆ! ಆದರೆ ಗುಮಾಸ್ತೆಯ ಮುಖ ನೋಡಿದ್ದೇ ತಡ, ಸಿಟ್ಟನ್ನು ಹಿಂದೆ ಹಾಕಿ ನಗು ಬಂತು.

"ಬಿಚ್ಚಿ," ಎಂದಳು ಅವಳು.

"ನಾನು ಮುಟ್ಟಿದ್ರೆ ಕೆಲಸ ಆಗುತ್ತೆ."

"ನಂಗೆ ಸಂಬಳ ಇದೆ. ನಾನು ಮುಟ್ಟಬಹುದು. ಹೇಳ್ಕೊಡಿ."

ತಂತಿ ತುಕ್ಕು ಹಿಡಿದು ಬಿಗಿದಿತ್ತು. ಅವಳು ಕತ್ತರಿ ತಂದಳು, ಉಗುರು ಮುರಿದುಕೊಂಡಳು, ಸಾಹೇಬರ ಹೊಸ ಬಣ್ಣವನ್ನು ಬೈದಳು. "ಎಡಕ್ಕೆ ತಿರುಗಿಸಿ. ಅಯ್ಯೋ, ನಿಮ್ಮೆಡ ಅಲ್ಲ, ತಂತೀದು!" ಜೇಬಿನೊಳಗೆ ಅವನ ಬೆರಳುಗಳು ತಾವೇ ತಿರುಗುತ್ತಿದ್ದವು. ಐದಕ್ಕೆ ಹದಿನೈದು ನಿಮಿಷವಿದ್ದಾಗ ಬೋರ್ಡು ದಡಾರನೆ ಕೆಳಗೆ ಬಿತ್ತು. ಇಬ್ಬರೂ ಒಳಗೆ ಹೊಕ್ಕರು. ಅವಳು ಗೇಟನ್ನು ಪೂರ್ತಿ ಎಳೆದು ಮುಚ್ಚಿ ಗುಂಡಿ ಒತ್ತಿದಳು. ಲಿಫ್ಟು ಒಮ್ಮೆ ಗೊರಗೊರ ಎಂದು, ಮೂರು ತಿಂಗಳ ನಿದ್ದೆ ಕೊಡವಿಕೊಂಡು, ಇಳಿಯತೊಡಗಿತು.

"ಬಂದ್ಯಾ?" ಎಂದಳು ಅಕ್ಕ. "ನಾನಿಲ್ಲೇ ಒಂದು ಮನೆ ಮಾಡ್ಕೊಳ್ಳೋಣ ಅಂತಿದ್ದೆ."

ಲಿಫ್ಟಿಗೆ ಹಿಡಿಯುವುದು ಐದೇ ಜನ. ಮೆಕ್ಯಾನಿಕ್ ಜೇಬಿನಿಂದ ಕೈ ತೆಗೆಯದೆಯೇ ಅಕ್ಕನತ್ತ ಮೊಣಕೈ ಚಾಚಿದ, ಅವಳು ಅದನ್ನು ಸರಿಸಿದಳು. "ಮೊದ್ಲು ಬಸುರಿ ಹೋಗ್ಲಿ. ಆ ಡ್ರೈವರಣ್ಣ ಹೋಗ್ಲಿ. ಗುಮಾಸ್ತೆಮ್ಮ, ನೀವೇ ಕರ್ಕೊಂಡು ಹೋಗಿ."

"ಅಕ್ಕಾ, ಹೊತ್ತಿಲ್ಲ!"

"ನೀನು ಸುಮ್ನಿರೋ."

ಎರಡನೇ ಸಲ ಲಿಫ್ಟು ಅವಳನ್ನೂ ಉಳಿದವರನ್ನೂ ಹೊತ್ತು ಮೇಲೆ ಬಂದಾಗ ಅಧಿಕಾರಿ ಕೌಂಟರಿನ ಶಟರ್ ಎಳೆಯುತ್ತಿದ್ದ. ಅಕ್ಕ ಊರುಗೋಲನ್ನು ಅಡಿಗೆ ತೂರಿಸಿದಳು.

"ಇನ್ನೂ ಎರಡು ನಿಮಿಷ ಇದೆ ಸಾರ್. ಗಿರಣೀಲಿ ಎರಡು ನಿಮಿಷ ತಡ ಆದ್ರೆ ಅರ್ಧ ದಿನದ ಕೂಲಿ ಹಿಡ್ಕೊಳ್ತಿದ್ರು. ಎರಡು ನಿಮಿಷ ಅಂದ್ರೇನು ಅಂತ ನಂಗೊತ್ತು."

ಶಟರ್ ಮೇಲೇರಿತು. ಅಧಿಕಾರಿಯ ಕಣ್ಣು ಮೆಕ್ಯಾನಿಕ್ ಮೇಲೆ ಬಿತ್ತು. "ಓಹೋ, ಲಿಫ್ಟ್ ರಿಪೇರಿ ಮಾಡಿದ್ರಾ? ಹಾಗಾದ್ರೆ ನಿಮ್ಮ ನಾಲ್ಕನೇ ಪ್ರಶ್ನೆ…"

"ಜೇಬಿನಿಂದ ಕೈ ತೆಗೆದಿಲ್ಲ ಸಾರ್. ಬರೀಲೇಬೇಕು ಅಂದ್ರೆ ಬರೀರಿ, ಏನು ರಿಪೇರಿ ಅಂತಾನೂ ಬರೀರಿ. ಕಚೇರಿಯ ಬೋರ್ಡು ಬಿಚ್ಚಿದ್ದು ಅಂತ."

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದ.

ಅಕ್ಕ ರಿಜಿಸ್ಟರನ್ನು ಹತ್ತಿರ ಎಳೆದುಕೊಂಡು, ಒಂದೊಂದೇ ಅಕ್ಷರ ತಿದ್ದಿ ಸಹಿ ಹಾಕಿದಳು. ಗುಮಾಸ್ತೆ ಬೋರ್ಡನ್ನು ಮೇಜಿಗೊರಗಿಸಿ ಹೊಸ ಚುಕ್ಕೆಗಾಗಿ ಕೂತಿದ್ದಳು. "ಗೆರೆ ಮೇಲಕ್ಕೆ ಹೋಗುತ್ತೆ ಈಗ. ಏರಿದ್ರೆ ಕೆಂಪು ಪೆನ್ನು ಅಂತಾರೆ ಸಾಹೇಬ್ರು…"

"ಕೆಂಪು ಯಾಕಮ್ಮ, ನಾವೇನು ತಪ್ಪು ಮಾಡಿದೀವಾ?" ಎಂದಳು ಅಕ್ಕ. "ಹಸಿರಲ್ಲೇ ಎಳಿ. ಎಂಟೂ ಜನಾನ ಸೇರಿಸಿ ದಪ್ಪಗೆ ಎಳಿ."