ಚಿಗಟಕ್ಕೆ ಬಿದ್ದ ಒಂಬತ್ತು ಚೀಟಿ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಈ ಕಥೆಯನ್ನು ಹೇಳಬೇಕಾದವರು ಸ್ಟೀರಿಂಗ್ ಹಿಡಿದವರೇ ಹೊರತು ಹಗ್ಗದ ಈಚೆ ನಿಂತು ಧೂಳು ಕುಡಿದ ನನ್ನಂಥವರಲ್ಲ. ಗೇರಿನ ವಿಷಯದಲ್ಲೋ ಚಕ್ರದ ವಿಷಯದಲ್ಲೋ ಎಲ್ಲಾದರೂ ಎಡವಿದ್ದರೆ ತಿಳಿದವರು ತಿದ್ದಿಕೊಂಡು ಓದಬೇಕು. ವಾಲ್ತಿಮೊ ಊರಿನಲ್ಲಿ ಅರ್ಧ ಜನ ಇರ್ಯಾ ಪುಹಾಕ್ಕಾಳನ್ನು ಕಳ್ಳಿ ಎನ್ನುತ್ತಾರೆ, ಇನ್ನರ್ಧ ಜನ ಪೆದ್ದಿ ಎನ್ನುತ್ತಾರೆ. ಎರಡೂ ಸರಿಯಲ್ಲ ಅನಿಸಿದ್ದರಿಂದ ಇಷ್ಟು ಧೈರ್ಯ ಬಂತು.

ಇರ್ಯಾಗೆ ಆಗ ಐವತ್ತೊಂದು. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಹಿಮ ಕರಗಿದಾಗಿನಿಂದ ಮತ್ತೆ ಬೀಳುವವರೆಗೆ, ಭಾನುವಾರಗಳಲ್ಲಿ, ಊರಾಚೆಯ ಹಳೆಯ ಮರಳುಗುಂಡಿಯಲ್ಲಿ ಯೊಕ್ಕಿಸ್ ಓಡಿಸುತ್ತಿದ್ದಳು. ಯೊಕ್ಕಿಸ್ ಎಂದರೆ ಬಡವರ ಮೋಟಾರು ಓಟ. ಗುಜರಿಗೆ ಹೋಗಬೇಕಾದ ಕಾರಿನ ಸೀಟು, ಗಾಜು ಕಿತ್ತು, ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಬೆಸೆದು, ಆರಾರು ಕಾರುಗಳನ್ನು ಒಟ್ಟಿಗೆ ಬಿಡುತ್ತಾರೆ. ದಿನಕ್ಕೆ ಮೂರು ಓಟ, ಅವುಗಳಲ್ಲಿ ಮುಂದೆ ಬಂದವರಿಗೆ ಕೊನೆಯ ಓಟ. ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿದೆ. ಅಂದು ಓಡಿದ ಯಾವ ಕಾರನ್ನಾದರೂ ಸಂಜೆ ಎರಡು ಸಾವಿರ ಯೂರೋಗೆ ಕೇಳಬಹುದು. ಓಟದ ಲೈಸೆನ್ಸ್ ಇದ್ದರೆ ಸಾಕು. ಕಚೇರಿಯ ಶೆಡ್ಡಿನಲ್ಲಿ ಚೀಟಿ ಹಾಕಬೇಕು. ಒಂದಕ್ಕಿಂತ ಹೆಚ್ಚು ಚೀಟಿ ಬಿದ್ದರೆ ಒಂದನ್ನು ಎತ್ತುತ್ತಾರೆ. ಮಾಲೀಕ ಒಲ್ಲೆ ಎನ್ನುವಂತಿಲ್ಲ, ಎಂದರೆ ಅವನ ಲೈಸೆನ್ಸ್ ಹೋಯಿತು. ಹೀಗಾಗಿ ದುಡ್ಡಿದ್ದವನು ಕಾರಿಗೆ ಹತ್ತು ಸಾವಿರ ಸುರಿದು ಗೆಲ್ಲುವ ಹಾಗಿಲ್ಲ.

ಆರು ಬೇಸಿಗೆಗಳಲ್ಲಿ ಇರ್ಯಾ ಮೂರು ಕಾರು ಕಂಡಿದ್ದಳು. ಒಂದೇ ಒಂದು ದಿನವೂ ಮೂರು ಓಟ ಮುಗಿಸಿರಲಿಲ್ಲ. ಒಂದರ ಕ್ಲಚ್ ಸುಟ್ಟಿತು, ಇನ್ನೊಂದರ ಎಂಜಿನ್ ಕುದಿದು ನಿಂತಿತು. ಮೂರನೆಯದು ಆ ಆಗಸ್ಟ್ ಭಾನುವಾರ ಮೊದಲ ಓಟದ ಎರಡನೇ ಸುತ್ತಿನಲ್ಲೇ ಮಲಗಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದಾಗ ತಮ್ಮ ರೌನೋ ಸಾಸೇಜ್ ತಿನ್ನುತ್ತಾ ನಿಂತಿದ್ದ.

"ಈ ಸಲ ಏನ್ ಮುರಿದೆ?"

"ನಾನ್ ಮುರೀಲಿಲ್ಲ. ಗೇರ್‌ಬಾಕ್ಸ್ ಹೋಯ್ತು."

"ತಾನೇ ಹೋಯ್ತಾ, ನೀನ್ ಕಳಿಸಿಕೊಟ್ಯಾ?"

"ಬಾಯಲ್ಲಿರೋದನ್ನ ನುಂಗಿ ಮಾತಾಡೋ."

ರೌನೋ ತಮಾಷೆಗೆ ಹೇಳಿದ್ದು. ಆದರೆ ಇರ್ಯಾ ಆರು ವರ್ಷಗಳಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದೇ. ಕಾರುಗಳು ಕೆಟ್ಟವೋ, ತನ್ನ ಕೈ ಕೆಟ್ಟದ್ದೋ? ಕೆಡದ ಕಾರೊಂದನ್ನು ಓಡಿಸುವವರೆಗೆ ಅದು ಗೊತ್ತಾಗುವಂತಿರಲಿಲ್ಲ. ಈ ವರ್ಷ ಆ ಎರಡು ಸಾವಿರ ಅವಳ ಕೋಟಿನ ಒಳಜೇಬಿನಲ್ಲಿತ್ತು. ಇನ್ನೊಮ್ಮೆ ಅಷ್ಟು ಹೊಂದಿಸಲು ಇನ್ನೊಂದಷ್ಟು ವರ್ಷ ಬೇಕು. ಆದ್ದರಿಂದ ಈ ಸಲ ತಪ್ಪು ಕಾರು ಆರಿಸುವಂತಿರಲಿಲ್ಲ.

ಆರಿಸುವುದಕ್ಕೆ ಅವಳು ತನ್ನದೇ ಒಂದು ದಾರಿ ಹಿಡಿದಿದ್ದಳು. ಗೆದ್ದವರನ್ನು ನೋಡುತ್ತಿರಲಿಲ್ಲ. ಎರಡು ಓಟಗಳ ನಡುವೆ ಯಾರ ಬಾನೆಟ್ ತೆರೆಯುತ್ತದೆ ಎಂದು ನೋಡುತ್ತಿದ್ದಳು. ಬೇಸಿಗೆಯುದ್ದಕ್ಕೂ ಸಣ್ಣ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ ಹಾಕಿ ಕೊನೆಗೆ ಮೂರು ಕಾರು ಉಳಿದವು.

"ಹಳದಿ ತಗೋ," ಎಂದ ರೌನೋ. "ತಿರುವಿನಲ್ಲಿ ಹಿಂದಿನ ಚಕ್ರ ಜಾರಿಸ್ಕೊಂಡು ಹೋಗೋದು ನೋಡಿದ್ಯಲ್ಲ, ಜನ ಸಿಳ್ಳೆ ಹೊಡೀತಾರೆ."

"ಓಟ ಮುಗಿದ್ ತಕ್ಷಣ ಮೂರು ಜನ ಅದರ ಕೆಳಗೆ ಮಲಗ್ತಾರೆ, ಅದೂ ನೋಡಿದ್ದೀನಿ."

"ಹಂಗಾದ್ರೆ ಆ ಬೂದು ಕಾರು. ನಾಲ್ಕು ವರ್ಷದಿಂದ ಒಂದು ಬೋಲ್ಟೂ ಬಿಚ್ಚಿಲ್ಲ."

"ಅದು ಕೆಡಲ್ಲ, ಸರಿ. ಹೋಗೋದೂ ಇಲ್ಲವಲ್ಲೋ. ಸಾರಿನ ಪಾತ್ರೆ ಗಾಡಿ ತಳ್ಳೋಕೆ ನಂಗೆ ಶಾಲೇಲಿ ಸಂಬಳ ಕೊಡ್ತಾರೆ. ಭಾನುವಾರ ಯಾಕೆ ತಳ್ಳಲಿ?"

ರೌನೋ ಬಾಯಿಗೆ ಹತ್ತಿದ್ದ ಸಾಸಿವೆ ಗೊಜ್ಜನ್ನು ಕಾಗದದಿಂದ ಒರೆಸಿಕೊಂಡ. ಮೂರನೆಯದರ ಹೆಸರು ಇಬ್ಬರೂ ಎತ್ತಲಿಲ್ಲ. ಅದು ಎನ್ಸಿಯೋ ಕಾರ್ಪಿಯ ಚಿಗಟ. ಮೂವತ್ತು ವರ್ಷದ ಪುಟ್ಟ ಜಪಾನಿ ಕಾರು, ತಗಡಿನ ಡಬ್ಬಿಯಷ್ಟು ಹಗುರ, ಕಾಲಿಟ್ಟರೆ ಕಾಯಿಸುವುದಿಲ್ಲ, ಹಾರುತ್ತದೆ. ಅದಕ್ಕೇ ಆ ಹೆಸರು. ಆ ಬೇಸಿಗೆಯಲ್ಲಿ ಅದರ ಬಾನೆಟ್ ತೆರೆದದ್ದನ್ನು ಇರ್ಯಾ ಒಂದೇ ಸಲ ಕಂಡಿದ್ದಳು. ಎನ್ಸಿಯೋನ ಹೆಂಡತಿ ಲೈಲಾ ಬೆಚ್ಚಗಾಗಲೆಂದು ಎಂಜಿನ್ ಮೇಲೆ ಇಟ್ಟಿದ್ದ ರೈ ಧಾನ್ಯದ ಹಿಟ್ಟಿನ ಕಡುಬಿನ ಪೊಟ್ಟಣವನ್ನು ತೆಗೆಯುವುದಕ್ಕೆ.

ಆದರೆ ಆ ಊರಿನಲ್ಲಿ ಊರವರ ಕಾರಿಗೆ ಊರವರು ಚೀಟಿ ಹಾಕುವುದು ಕೊಳ್ಳುವುದಕ್ಕಲ್ಲ. ನಿಯಮದ ಪುಸ್ತಕದಲ್ಲಿಲ್ಲದ ಪದ್ಧತಿ ಅದು. ಹೊರಗಿನವನು ಯಾರದ್ದಾದರೂ ಒಳ್ಳೆಯ ಕಾರಿನ ಮೇಲೆ ಕಣ್ಣು ಹಾಕಿದರೆ ಸ್ನೇಹಿತರೆಲ್ಲ ಒಂದೊಂದು ಚೀಟಿ ಹಾಕುತ್ತಾರೆ. ಚೀಟಿ ಹೆಚ್ಚಾದಷ್ಟೂ ಹೊರಗಿನವನ ಅದೃಷ್ಟ ಕಡಿಮೆ. ಸ್ನೇಹಿತನ ಚೀಟಿ ಎದ್ದರೆ ಮಾಲೀಕನೇ ಹಣದ ಲಕೋಟೆ ಅವನ ಕೈಗಿಡುತ್ತಾನೆ, ಅವನು ಅದನ್ನು ಕಚೇರಿಗೆ ಕೊಡುತ್ತಾನೆ, ಕಚೇರಿಯವರು ಮತ್ತೆ ಮಾಲೀಕನಿಗೆ ಕೊಡುತ್ತಾರೆ. ಲಕೋಟೆ ಒಂದು ಸುತ್ತು ಹೊಡೆದು ಬರುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ಸಂಜೆ ಮಾಲೀಕನ ಮನೆಯಲ್ಲಿ ಕಾಫಿ.

ಕೊನೆಯ ಓಟ ಮುಗಿದು ಧೂಳು ಇನ್ನೂ ಇಳಿದಿರಲಿಲ್ಲ, ಲೈಲಾ ಓಡೋಡಿ ಬಂದಳು.

"ಇರ್ಯಾ, ಅಲ್ಲಿ ನೋಡು, ಬಿಳಿ ವ್ಯಾನಿನವನು. ದಕ್ಷಿಣದವನು. ಖಾಲಿ ಟ್ರೈಲರ್ ಕಟ್ಕೊಂಡು ಬಂದಿದ್ದಾನೆ, ಬೆಳಿಗ್ಗೆಯಿಂದ ನಮ್ಮ ಚಿಗಟದ ಸುತ್ತಲೇ ತಿರುಗ್ತಿದ್ದಾನೆ. ಮದುವೆಗೆ ಹೆಣ್ಣು ನೋಡೋ ಹಾಗೆ!"

"ಚೀಟಿ ಹಾಕಿದ್ದಾನಾ?"

"ಹಾಕಿದ್ದಾನೆ. ನಮ್ಮವರು ಏಳು ಜನ ಹಾಕಿದ್ರು. ನಿಂದೂ ಒಂದು ಇರ್ಲಿ. ಲಕೋಟೆ ನನ್ನ ಹತ್ರ ಇದೆ. ಹಾಕ್ತೀಯಲ್ಲ?"

"ಹಾಕ್ತೀನಿ," ಎಂದಳು ಇರ್ಯಾ.

ಅವಳು ಮಾಡಿದ ತಪ್ಪು ಇದೇ, ಬೇರೆ ಇಲ್ಲ. ಲೈಲಾ ಬರುವ ಮೊದಲೇ ಅವಳು ಶೆಡ್ಡಿನ ಕಡೆ ಹೊರಟಿದ್ದಳು. ನನಗೋಸ್ಕರ ಹಾಕುತ್ತೇನೆ ಎಂದು ಹೇಳಲು ಒಂದು ಉಸಿರು ಸಾಕಾಗಿತ್ತು. ಆದರೆ ಎನ್ಸಿಯೋ ಚಳಿಗಾಲವಿಡೀ ಆ ಕಾರಿನೊಂದಿಗೆ ಕಳೆದದ್ದು ಊರಿಗೇ ಗೊತ್ತು. ಲೈಲಾ ಅಷ್ಟು ನಂಬಿಕೆಯಿಂದ ತೋಳು ಹಿಡಿದುಕೊಂಡಿದ್ದಳು. ಒಂಬತ್ತು ಚೀಟಿಗಳಲ್ಲಿ ತನ್ನದೇ ಏಳುವುದೆಲ್ಲಿ ಬಂತು, ಸುಮ್ಮನೆ ಯಾಕೆ ಬೇಸರ ಮಾಡಬೇಕು ಎಂದೂ ಅನಿಸಿರಬೇಕು. ಕಾರಿನ ಸಂಖ್ಯೆ, ಹೆಸರು, ಲೈಸೆನ್ಸ್ ಸಂಖ್ಯೆ, ಸಹಿ. ಯಾಕೆ ಎಂದು ಬರೆಯಲು ಚೀಟಿಯಲ್ಲಿ ಜಾಗವಿರಲಿಲ್ಲ.

ಕಚೇರಿಯ ಹೆಂಗಸು ಚೀಟಿಗಳನ್ನು ಒಂದು ಹೆಲ್ಮೆಟ್ಟಿಗೆ ಹಾಕಿ ಕುಲುಕಿ, ಆಕಾಶ ನೋಡುತ್ತಾ ಕೈ ಹಾಕಿ ಒಂದನ್ನು ಎತ್ತಿದಳು.

"ಪುಹಾಕ್ಕಾ, ಇರ್ಯಾ."

ಊರವರು ಕೇಕೆ ಹಾಕಿದರು. ಯಾರೋ ಕಾರಿನ ಹಾರನ್ ಒತ್ತಿದರು. ದಕ್ಷಿಣದವನು ಟೋಪಿ ತೆಗೆದು, "ಈ ಊರಿನಲ್ಲಿ ನೆಂಟರು ಜಾಸ್ತಿ ಅಂತ ಹೇಳಿದ್ರು, ಇಷ್ಟು ಜಾಸ್ತಿ ಅಂತ ಗೊತ್ತಿರಲಿಲ್ಲ," ಎಂದು ನಗುತ್ತಾ ಹೋದ. ಲೈಲಾ ಜನರ ನಡುವೆ ನುಗ್ಗಿ ಬಂದು ಲಕೋಟೆಯನ್ನು ಇರ್ಯಾಳ ಎಡಗೈಗೆ ತುರುಕಿದಳು. "ಬಂಗಾರದ ಕೈ ಕಣೇ ನಿಂದು!"

ಕಚೇರಿಯ ಹೆಂಗಸು ಕೈ ಚಾಚಿದಳು. ಇರ್ಯಾ ಬಲಗೈಯನ್ನು ಕೋಟಿನೊಳಗೆ ಹಾಕಿ ತನ್ನ ಎರಡು ಸಾವಿರ ತೆಗೆದು ಮೇಜಿನ ಮೇಲಿಟ್ಟಳು. ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ನೋಟು ನೋಟಿನಂತೆಯೇ ಕಂಡಿತು.

ಚೀಟಿ ಗೆದ್ದ ಸ್ನೇಹಿತರು ಕಾರನ್ನು ಒಂದು ಸುತ್ತು ಓಡಿಸಿ ಮಾಲೀಕನ ಟ್ರೈಲರಿಗೆ ಹತ್ತಿಸುವುದು ರೂಢಿ. ಉಪಕಾರಕ್ಕೆ ಪ್ರತಿಯಾಗಿ ಅಷ್ಟು ಸುಖ. ಎನ್ಸಿಯೋ ತಾನೇ ಬಂದು ಅವಳ ಬೆಲ್ಟ್ ಬಿಗಿದ. ಅರವತ್ತೆಂಟರ ಬಡಕಲು ಮನುಷ್ಯ, ಹೆಚ್ಚು ಮಾತಿಲ್ಲ.

"ಒಂದು ಸುತ್ತು ಅಂತಾರೆ. ಎರಡು ಹೋದ್ರೆ ನಾನೇನೂ ಎಣಿಸಲ್ಲ," ಎಂದ.

ಅವಳು ನಾಲ್ಕು ಸುತ್ತು ಹೋದಳು. ಖಾಲಿ ಹಾದಿ, ನೀರು ಹೊಡೆದು ಗಟ್ಟಿಯಾದ ಮರಳು. ಕಲ್ಲುಬಂಡೆಯ ಬಳಿಯ ಎಡ ತಿರುವಿನಲ್ಲಿ ಅವಳ ಹಿಂದಿನ ಮೂರು ಕಾರುಗಳೂ ಮೂಗು ಆಚೆ ತಿರುಗಿಸಿ ಮುನಿಸಿಕೊಳ್ಳುತ್ತಿದ್ದವು. ಚಿಗಟ ಹಾಗೆ ಮಾಡಲಿಲ್ಲ. ಕೈ ಎಷ್ಟು ತಿರುಗಿತೋ ಅಷ್ಟೇ ತಿರುಗಿತು, ಕಾಲು ಒತ್ತಿದಷ್ಟೂ ಎದ್ದು ಬಂತು. ಮೂರನೇ ಸುತ್ತಿನಲ್ಲಿ ತಾನು ಗಟ್ಟಿಯಾಗಿ ನಗುತ್ತಿರುವುದು ಹೆಲ್ಮೆಟ್ಟಿನೊಳಗೆ ಅವಳಿಗೇ ಕೇಳಿಸಿತು. ನಾಲ್ಕನೆಯದರಲ್ಲಿ ನಗು ನಿಂತಿತು. ಇಳಿದ ಮೇಲೆ ಏನು ಹೇಳಬೇಕು ಎಂದು ಯೋಚಿಸಬೇಕಾಗಿತ್ತು.

ಯೋಚಿಸಿದ್ದೇನೂ ಉಪಯೋಗಕ್ಕೆ ಬರಲಿಲ್ಲ. ಎನ್ಸಿಯೋನ ಟ್ರೈಲರನ್ನು ದಾಟಿ ತನ್ನದರ ಪಕ್ಕದಲ್ಲಿ ನಿಲ್ಲಿಸಿದಳು. ಗಂಡ ಹೆಂಡತಿ ನಡೆದು ಬರುವವರೆಗೆ ಕಾದು, ಲಕೋಟೆಯನ್ನು ಎನ್ಸಿಯೋನ ಮುಂದೆ ಹಿಡಿದಳು.

"ಇದು ನಿಮ್ದು. ನಾನು ಬಿಚ್ಚಿಲ್ಲ."

"ಅಂದ್ರೆ?" ಎಂದಳು ಲೈಲಾ.

"ಕಚೇರಿಗೆ ನನ್ನ ದುಡ್ಡು ಕೊಟ್ಟೆ. ಚೀಟಿ ನನಗೇ ಅಂತ ಹಾಕಿದ್ದು. ಆಗ್ಲೇ ಹೇಳ್ಬೇಕಿತ್ತು, ಹೇಳಲಿಲ್ಲ. ತಪ್ಪಾಯ್ತು."

ಲೈಲಾ ಗಂಡನ ಮುಖ ನೋಡಿದಳು. ಎನ್ಸಿಯೋ ಚಿಗಟದ ಚಕ್ರವನ್ನು ನೋಡುತ್ತಿದ್ದ. ಬಾಗಿ ಟೈರಿಗೆ ಅಂಟಿದ್ದ ಒಂದು ಕಲ್ಲನ್ನು ಉಗುರಿನಿಂದ ಕಿತ್ತು ಬಿಸಾಡಿದ.

"ಎರಡನೇ ಗೇರಿಗೆ ಹಾಕೋವಾಗ ಅವಸರ ಮಾಡ್ಬಾರದು," ಎಂದ ಕೊನೆಗೆ. "ಒಂದು ಕ್ಷಣ ತಡಿ. ಇಲ್ಲಾಂದ್ರೆ ಕೂಗುತ್ತೆ."

"ಎನ್ಸಿಯೋ, ಇದೇನ್ ಮಾತು?" ಲೈಲಾಳ ಧ್ವನಿ ಏರಿತು. "ಕೇಳು ಅವಳನ್ನ! ನಾನು ಕೈ ಹಿಡ್ಕೊಂಡು ಕೇಳ್ದಾಗ ಹೂಂ ಅಂದ್ಲು!"

"ಹೂಂ ಅಂದ್ಲು, ಹಾಕಿದ್ಲು," ಎಂದ ಎನ್ಸಿಯೋ. "ಹಂಗಾದ್ರೆ ಕಾಫಿ ಇವಳ ಮನೇಲಿ."

ಆದರೆ ಅವರು ಕಾಫಿಗೆ ಬರಲಿಲ್ಲ. ಇರ್ಯಾ ಆ ಸಂಜೆ ಸಕ್ಕರೆ ಬನ್ನು ಬೇಯಿಸಿ ಎಂಟು ಗಂಟೆಯವರೆಗೆ ಕಾದಳು. ರೌನೋ ಒಬ್ಬನೇ ನಾಲ್ಕು ತಿಂದ.

"ಊರಿಗೆಲ್ಲ ಬೇಕಾದವಳಾಗಿದ್ದೆ," ಎಂದ. "ಅರ್ಧ ಗಂಟೆ."

"ವಾಪಸ್ ಕೊಡ್ಲಾ?"

"ಕೊಟ್ರೆ ಅವನು ತಗೊಳ್ಳಲ್ಲ. ಇಟ್ಕೊಂಡ್ರೆ ಅವಳು ಬಿಡಲ್ಲ. ಬನ್ನು ಚೆನ್ನಾಗಿದೆ."

ಸೆಪ್ಟೆಂಬರಿನ ಕೊನೆಯ ಭಾನುವಾರ ಆ ವರ್ಷದ ಕಡೆಯ ಯೊಕ್ಕಿಸ್. ಬರ್ಚ್ ಮರಗಳು ಹಳದಿಯಾಗಿದ್ದವು. ಇರ್ಯಾಳ ಪಕ್ಕದಲ್ಲಿ ಯಾರೂ ಕಾರು ನಿಲ್ಲಿಸಲಿಲ್ಲ. ಜಗಳವೇನಿಲ್ಲ, ಜಾಗ ಬೇರೆಡೆ ಸಿಕ್ಕಿತ್ತು ಅಷ್ಟೇ. ಮೊದಲ ಓಟದಲ್ಲಿ ನಾಲ್ಕನೆಯವಳಾಗಿ ಬಂದಳು, ಎರಡನೆಯದರಲ್ಲಿ ಎರಡನೆಯವಳಾಗಿ. ಮೂರನೆಯದರಲ್ಲಿ ಯಾರೋ ಬಾಗಿಲಿಗೆ ಗುದ್ದಿದರು, ಆದರೂ ಮೂರನೆಯವಳಾಗಿ. ಕೊನೆಯ ಓಟಕ್ಕೂ ಸ್ಥಾನ ಸಿಕ್ಕಿತು. ಅದರಲ್ಲಿ ಆರರಲ್ಲಿ ಐದನೆಯವಳು. ಬಾನೆಟ್ ದಿನವಿಡೀ ಮುಚ್ಚಿಯೇ ಇತ್ತು.

"ಗೊತ್ತಾಯ್ತಾ ಈಗ?" ಎಂದು ಕೇಳಿದ ರೌನೋ.

"ಗೊತ್ತಾಯ್ತು." ಅವಳು ಕೈಗವಸು ಬಿಚ್ಚಿ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿದಳು. "ದೊಡ್ಡ ಡ್ರೈವರ್ ಏನಲ್ಲ. ಆದ್ರೆ ಮುರಿಯೋಳಲ್ಲ."

"ಇಷ್ಟು ತಿಳ್ಕೊಳ್ಳೋಕೆ ಆರು ವರ್ಷ."

"ನಿಂಗೆ ಇನ್ನೂ ತಿಳಿದಿಲ್ಲವಲ್ಲೋ, ಸುಮ್ನಿರು."

ಅಂದು ಓಡಿದ ಎಲ್ಲ ಕಾರುಗಳಂತೆ ಚಿಗಟವೂ ಆ ಸಂಜೆ ಮಾರಾಟಕ್ಕಿತ್ತು. ಇರ್ಯಾಗೆ ಅದು ಗೊತ್ತಿದ್ದದ್ದೇ. ಊರವರು ಯಾರೂ ಅವಳಿಗಾಗಿ ಚೀಟಿ ಹಾಕುವುದಿಲ್ಲ ಎಂಬುದೂ ಗೊತ್ತಿತ್ತು, ಅವಳು ಕೇಳಲೂ ಇಲ್ಲ. ಲಿಯೆಕ್ಸಾ ಊರಿನ ಕಡೆಯಿಂದ ಬಂದಿದ್ದ ಹಾಲಿನ ಲಾರಿ ಓಡಿಸುವ ಹೆಂಗಸೊಬ್ಬಳು ಒಂದು ಚೀಟಿ ಹಾಕಿದ್ದಳು. ಆದರೆ ಕಚೇರಿಯ ಹೆಂಗಸು ಹೆಲ್ಮೆಟ್ಟಿಗೆ ಹಾಕಿದ್ದು ಎರಡು.

"ಇನ್ನೊಂದು ಯಾರದ್ದು?" ಎಂದು ಕೇಳಿದಳು ಇರ್ಯಾ.

"ಕಾರ್ಪಿ, ಎನ್ಸಿಯೋ."

ಎನ್ಸಿಯೋ ಹಗ್ಗದ ಬಳಿ ನಿಂತಿದ್ದ, ಜೇಬಿನಲ್ಲಿ ಕೈಯಿಟ್ಟುಕೊಂಡು. ಲೈಲಾ ಬಂದಿರಲಿಲ್ಲ. ಇರ್ಯಾ ಅವನ ಕಡೆ ನೋಡಿದಳು. ಅವನು ತಲೆಯಾಡಿಸಿದ, ಮಳೆ ಬರಬಹುದು ಎಂದವರಿಗೆ ತಲೆಯಾಡಿಸುವ ಹಾಗೆ.

ಎದ್ದದ್ದು ಲಾರಿಯವಳ ಚೀಟಿ. ಅವಳು ಖುಷಿಯಿಂದ ಹಾರಿದಳು, ಪಾಪ, ಅವಳಿಗೆ ಇದ್ಯಾವುದೂ ಗೊತ್ತಿಲ್ಲ. ಇರ್ಯಾ ಅವಳನ್ನು ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದು, ಎರಡನೇ ಗೇರಿನ ವಿಷಯ ಹೇಳಿಕೊಟ್ಟಳು. ಅಷ್ಟರಲ್ಲಿ ಎನ್ಸಿಯೋ ಹೋಗಿಬಿಟ್ಟಿದ್ದ.

ಆ ಚೀಟಿ ಅವನು ತನ್ನ ಕಾರನ್ನು ಮರಳಿ ಪಡೆಯಲು ಹಾಕಿದ್ದೋ, ಇರ್ಯಾಳ ಕಾರನ್ನು ಉಳಿಸಲು ಹಾಕಿದ್ದೋ? ರೌನೋ ಮೊದಲನೆಯದು ಎನ್ನುತ್ತಾನೆ. ಎನ್ಸಿಯೋನನ್ನು ಕೇಳಿದವರಿಲ್ಲ. ಕೇಳಬಹುದಾಗಿದ್ದ ನನಗೂ ಬಾಯಿ ಬರಲಿಲ್ಲ, ಆದ್ದರಿಂದ ನನಗೆ ಗೊತ್ತಿಲ್ಲ.