ದೊರೆಯ ಕಾರಿನ ಎರಡು ಗುಂಡು

ಕಾಫಿ ಎಸ್ಟೇಟಿನ ಬಿಳಿ ದೊರೆ ಇಂಗ್ಲೆಂಡಿಗೆ ಹೊರಟಾಗ ತನ್ನ ನಾಯಿಯನ್ನು ಲೆಕ್ಕ ಬರೆಯುವ ರೈಟರಿಗೆ ಕೊಟ್ಟ, ಕಾರನ್ನು ನನ್ನ ಗಂಡನ ತಲೆಗೆ ಕಟ್ಟಿದ. ನಾಯಿ ಎರಡು ವರ್ಷಕ್ಕೆ ಸತ್ತಿತು. ಕಾರು ಸಾಯಲಿಲ್ಲ, ನಮ್ಮನ್ನು ಸಾಯಿಸಿತು.

ನೋಡಲೇನೋ ಚೆಂದವೇ. ಉದ್ದನೆಯ ಮೂತಿ, ಕಪ್ಪು ಬಣ್ಣ, ಒಳಗೆ ಮರದ ಕೆಲಸ, ಚರ್ಮದ ಸೀಟು. ಆದರೆ ಗ್ಯಾಲನ್ ಪೆಟ್ರೋಲಿಗೆ ಒಂಬತ್ತು ಮೈಲಿ. ಸೀಟಿನ ಚರ್ಮ ಬಿರಿದು ಒಳಗಿನ ಕೂದಲು ಸೀರೆಗೆ ಅಂಟುತ್ತಿತ್ತು. ಸಂಪಾಜೆ ಘಾಟಿ ಹತ್ತುವಾಗ ಮೂರು ಕಡೆ ನಿಂತು ಕಾದ ಇಂಜಿನ್ನಿಗೆ ತೋಡಿನ ನೀರು ಹುಯ್ಯಬೇಕು. ಸ್ಟಾರ್ಟರ್ ಎಂದೋ ಕೈಕೊಟ್ಟಿತ್ತು, ಹ್ಯಾಂಡಲ್ ಹಾಕಿ ತಿರುಗಿಸಿದರೇ ಉಂಟು. ಒಮ್ಮೆ ಆ ಹ್ಯಾಂಡಲ್ ತಿರುಗಿ ಹೊಡೆದು ಇವರ ಮಣಿಕಟ್ಟು ಮುರಿಯಿತು. ನಾನು ಕೈಗೆ ಎಣ್ಣೆ ತಿಕ್ಕುತ್ತಾ ಬೈದೆ. ಇವರು ಹಲ್ಲು ಕಚ್ಚಿಕೊಂಡು, "ಪಾಪ, ಅದರ ತಪ್ಪೇನು ಬೊಳ್ಳಮ್ಮ, ವಯಸ್ಸಾಯ್ತಲ್ಲ" ಎಂದರು. ನನಗೆ ಜ್ವರ ಬಂದಾಗ ಒಂದು ದಿನವೂ ಹಾಗೆ ಅಂದವರಲ್ಲ.

ಗೋಣಿಕೊಪ್ಪದ ಮೆಕ್ಯಾನಿಕ್ ದೇರಪ್ಪ ತಿಂಗಳಿಗೊಮ್ಮೆ ಬರುತ್ತಿದ್ದ. ಬಾನೆಟ್ ಎತ್ತಿ, ತಲೆ ಕೆರೆದುಕೊಂಡು, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದ. "ಅಕ್ಕಾ, ಒಂದು ಸರಿ ಮಾಡಿದ್ರೆ ಇನ್ನೊಂದು ಬಾಯಿ ಬಿಡ್ತದೆ. ಸಾಮಾನಿಗೆ ಮದ್ರಾಸಿಗೆ ಬರೆದ್ರೆ, ಆ ಮಾಡೆಲೇ ಈಗ ಇಲ್ಲಾಂತ ಕಾಗದ ಬರ್ತದೆ. ನಾನೆಂತ ಮಾಡ್ಲಿ?" ಎನ್ನುತ್ತಿದ್ದ. ಅವನಿಗೂ ಸಾಕಾಗಿತ್ತು. ಒಂದು ಗಾಸ್ಕೆಟ್ಟಿಗೆ ನನ್ನ ಎರಡು ಎಮ್ಮೆ ಹೋದವು.

ಎಮ್ಮೆ ಹೋಗಲಿ, ಅಣ್ಣ ಹೋದ. ಅದನ್ನು ಹೇಳಬೇಕು.

ನನ್ನ ಅಣ್ಣ ಪೊನ್ನಪ್ಪನ ಮನೆ ಗದ್ದೆಬಯಲಿನ ಆಚೆ ಬದಿಗೆ. ನಮ್ಮ ಅಂಗಳದಲ್ಲಿ ನಿಂತರೆ ಅವನ ಒಲೆಯ ಹೊಗೆ ಕಾಣುತ್ತದೆ. ಅವನ ಮಗನ ಮದುವೆಗೆ ಮದುಮಗಳನ್ನು ಈ ಕಾರಿನಲ್ಲೇ ತರುವುದೆಂದು ನನ್ನವರು ಮೀಸೆ ತಿರುವಿ ಹೇಳಿದ್ದರು. ಕುಟ್ಟದ ಏರಿನಲ್ಲಿ ಕಾರು ನಿಂತಿತು. ಕೆಂಪು ಸೀರೆ ಉಟ್ಟ ಹುಡುಗಿ ಗೊಬ್ಬರದ ಗಾಡಿಯಲ್ಲಿ ಕೂತು ಗಂಡನ ಮನೆಗೆ ಬಂದಳು. ನೆಂಟರ ಮುಂದೆ ತಲೆ ಎತ್ತಲಾಗದೆ ಅಣ್ಣ, "ಆ ಗುಜರಿಯನ್ನು ಹೊಳೆಗೆ ನೂಕಿ ಭಾವ" ಎಂದ. "ನೀನು ಇನ್ನು ನನ್ನ ಮೆಟ್ಟಿಲು ಹತ್ತಬೇಡ" ಎಂದರು ಇವರು. ಅಷ್ಟೇ ಮಾತು. ಅಣ್ಣ ಹತ್ತಲಿಲ್ಲ. ಒಂದಲ್ಲ ಎರಡಲ್ಲ, ಮೂರು ವರ್ಷ. ನನಗೆ ಉಳಿದಿದ್ದು ಒಂದೇ ಆಸೆ, ಒಡಹುಟ್ಟಿದವನು ಒಮ್ಮೆ ನಮ್ಮ ಮನೆ ಮುಂದಿನ ಕೈಸಾಲೆಯಲ್ಲಿ ಬಂದು ಕೂರಬೇಕು.

ಜಗಳವಾದ ಮರುವರ್ಷ ಶುರುವಾಯಿತು ಕಾರಿಗೆ ಹೊಸ ಕಾಯಿಲೆ. ವಾಲ್ವ್ ಸುಟ್ಟಿದೆ, ಸೈಲೆನ್ಸರ್ ತೂತು ಬಿದ್ದಿದೆ ಎಂದ ದೇರಪ್ಪ. ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿದರೆ ಹಿಂದಿನಿಂದ ಢಂ, ಢಂ ಎಂದು ಎರಡು ಸಲ ಹೊಡೆದು, ಆಮೇಲೆ ಇಂಜಿನ್ ಗುರ್ರ್ ಎಂದು ಓಡುತ್ತಿತ್ತು. ಬೇರೆ ಊರಿನಲ್ಲಾದರೆ ನಾಯಿ ಬೊಗಳಿ ಸುಮ್ಮನಾಗುತ್ತಿತ್ತು. ಇದು ಕೊಡಗು. ಇಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು. ಸಾವಿಗೆ ಮನೆಮನೆಗೆ ಹೋಗಿ ಯಾರೂ ಕರೆಯುವುದಿಲ್ಲ, ಕೋವಿಯೇ ಕರೆಯುತ್ತದೆ. ಕೇಳಿದವರು ಜಗಳವಿರಲಿ ಬಿಡಲಿ, ಕೈಲಿದ್ದ ಕೆಲಸ ಬಿಟ್ಟು ಬರಬೇಕು.

ಮೊದಲ ದಿನ ನಲವತ್ತು ಜನ ಬಂದರು. ಬಿಳಿ ಬಟ್ಟೆ ಉಟ್ಟು, ಅಳುತ್ತಾ. ಹೆಣವಾಗಬೇಕಾದವರು ಮುಖಕ್ಕೆಲ್ಲ ಗ್ರೀಸ್ ಬಳಿದುಕೊಂಡು ಕಾರಿನ ಕೆಳಗಿನಿಂದ ತೆವಳಿ ಬಂದು, "ಎಂತ ಎಲ್ಲರೂ ಒಟ್ಟಿಗೆ?" ಎಂದು ಕೇಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಜನರ ಹಿಂದೆ, ಗೇಟಿನ ಹತ್ತಿರ ಅಣ್ಣ ನಿಂತಿದ್ದ. ಭಾವ ಬದುಕಿದ್ದಾರೆಂದು ನೋಡಿದ, ತಿರುಗಿ ಹೊರಟೇಬಿಟ್ಟ. ಕೂಗಿದೆ. ಬೆನ್ನು ಮಾತ್ರ ಕಂಡಿತು.

ಎರಡನೆಯ ಸಲ ಹತ್ತು ಜನ ಬಂದರು. ಮೂರನೆಯ ಸಲ ಪಕ್ಕದ ತೋಟದ ನಾಣಯ್ಯಜ್ಜ ಒಬ್ಬರೇ, ಅದೂ ಬೈಯಲು ಬಂದರು.

"ಬೆಳ್ಯಪ್ಪ, ಈ ಪೀಡೆಯನ್ನು ಮಾರು. ನಾಳೆ ನಿನ್ನ ಮನೆಯಲ್ಲಿ ನಿಜವಾಗಿ ಕೋವಿ ಹೊಡೆದರೆ ನಾವ್ಯಾರೂ ಏಳೋದಿಲ್ಲ, ನೋಡು."

"ಸಾಮಾನು ಬರ್ತದೆ ಅಜ್ಜ, ರಿಪೇರಿ ಮಾಡಿಸ್ತೇನೆ."

ಸಾಮಾನು ಬರಲಿಲ್ಲ. ಒಂದು ದಿನ ಸ್ಟಾರ್ಟ್ ಮಾಡದಿದ್ದರೂ ಇಂಜಿನ್ ಹಿಡಿದುಕೊಳ್ಳುತ್ತದೆಂದು ಇವರು ದಿನಾ ಏಳು ಗಂಟೆಗೆ ಶೆಡ್ಡಿಗೆ ಹೋಗುತ್ತಿದ್ದರು. ಢಂ, ಢಂ, ಗುರ್ರ್. ನಾನು ಅದನ್ನು ಕೇಳಿಯೇ ಕಾಫಿ ಬಸಿಯುತ್ತಿದ್ದೆ. ಅಜ್ಜನ ಮಾತು ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ನಾಳೆ ನಾನು ಸತ್ತರೆ ಅಣ್ಣನೂ ಇದು ಕಾರೇ ಅಂದುಕೊಂಡು ಮಗ್ಗುಲು ಬದಲಿಸುತ್ತಾನೆ. ಮಾರಿ, ಮಾರಿ ಎಂದು ಎರಡು ವರ್ಷ ಇವರ ಪ್ರಾಣ ತಿಂದೆ.

ತೋಟದಲ್ಲಿ ಹಣ್ಣಿನ ಪಿಕ್ಕಿಂಗ್ ಶುರುವಾದ ವಾರ ಒಂದು ಬೆಳಿಗ್ಗೆ ಕಾಫಿಗೆ ನೀರು ಕಾಯಿಸಿಟ್ಟೆ. ಏಳು ದಾಟಿತು, ಢಂ ಅನ್ನಲಿಲ್ಲ. ಸದ್ಯ, ಪೂರ್ತಿ ಕೆಟ್ಟಿತು ಅಂದುಕೊಂಡೆ. ದೇವರೇ, ನನಗೆ ಖುಷಿಯೇ ಆಯಿತು.

ಶೆಡ್ಡಿಗೆ ಹೋದೆ. ಇವರು ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಹ್ಯಾಂಡಲ್ ತೊಡೆಯ ಮೇಲಿತ್ತು. ಸುಸ್ತಾಗಿ ಒಂದು ಗಳಿಗೆ ಕೂತವರ ಹಾಗೆ ತಲೆ ಒರಗಿಸಿದ್ದರು. ಕೈ ಮುಟ್ಟಿದೆ, ತಣ್ಣಗಿತ್ತು.

ನನ್ನ ಕೂಗಿಗೆ ಲೈನಿನ ಆಳುಗಳು ಓಡಿ ಬಂದು ಇವರನ್ನು ಕೈಸಾಲೆಗೆ ತಂದು ಮಲಗಿಸಿದರು. ಮನೆಯಲ್ಲಿ ಬೇರೆ ಗಂಡಸರಿಲ್ಲ. ಜೋಡುನಳಿಗೆ ಕೋವಿಗೆ ನಾನೇ ತೋಟೆ ತುಂಬಿಸಿದೆ, ಅಂಗಳದಲ್ಲಿ ನಿಂತು ಆಕಾಶಕ್ಕೆ ಎರಡು ಗುಂಡು ಹೊಡೆದೆ. ಬಯಲಿನ ಆಚೆಗೆ ಹೋಗಿ ಸದ್ದು ತಿರುಗಿ ಬಂತು.

ಯಾರೂ ಬರಲಿಲ್ಲ.

ಕೆಲಸದ ಗಂಗೆ ಕಣ್ಣೊರೆಸಿಕೊಂಡು, "ಹೇಳಿ ಕಳಿಸ್ಲಾ ಅಮ್ಮ? ಕಾರೂಂತ ತಿಳ್ಕೊಂಡಿರ್ತಾರೆ" ಎಂದಳು.

"ಬೇಡ. ಕೋವಿ ಹೊಡೆದಿದ್ದೇನೆ. ಬರುವವರು ಬರಲಿ" ಎಂದೆ. ಹಟ ನನ್ನದು. ಮತ್ತೆ ಹೊಡೆಯುವುದಕ್ಕೂ ಇಲ್ಲ, ನಾಲ್ಕು ಗುಂಡಿಗೆ ನಮ್ಮಲ್ಲಿ ಅರ್ಥವೇ ಇಲ್ಲ. ಇವರ ಉಗುರಿನ ಸಂದಿಯ ಗ್ರೀಸನ್ನು ಸೆರಗಿನಿಂದ ಒರೆಸುತ್ತಾ ಕೂತೆ. ಅದು ಹೋಗಲಿಲ್ಲ. ಸಿಟ್ಟು, ದುಃಖ ಎಲ್ಲ ಒಟ್ಟಿಗೆ ಬಂತು. ಒಬ್ಬ ಮನುಷ್ಯ ಸತ್ತರೆ ಊರಿಗೆ ಕೇಳಿಸದ ಹಾಗಾಯಿತಲ್ಲ.

ಆಗ ಗೇಟಿನ ಸದ್ದಾಯಿತು. ಬಿಳಿ ಬಟ್ಟೆಯಲ್ಲಿ ಅಣ್ಣ. ಗದ್ದೆಗೆ ಅಡ್ಡವಾಗಿ ಓಡಿ ಬಂದಿರಬೇಕು, ಮೊಣಕಾಲಿನವರೆಗೆ ಕೆಸರು. ಅರುವತ್ತು ದಾಟಿದವನು ಏದುಸಿರು ಬಿಡುತ್ತಾ ಮೆಟ್ಟಿಲ ಬುಡದಲ್ಲಿ ಒಂದು ಕ್ಷಣ ನಿಂತ. ಹತ್ತಿ ಬಂದ. ಭಾವನ ಕಾಲು ಮುಟ್ಟಿ ನನ್ನ ಪಕ್ಕ ಕೂತ.

ಕೇಳಿದೆ. "ಊರೆಲ್ಲ ಕಾರು ಅಂದುಕೊಂಡಿತು ಅಣ್ಣಾ. ನಿನಗೆ ಹೇಗೆ ಗೊತ್ತಾಯ್ತು?"

"ಎರಡು ಢಂ ಅಂದ ಮೇಲೆ ಇಂಜಿನ್ ಓಡೋ ಸದ್ದು ಬರ್ತದಲ್ಲ ಬೊಳ್ಳು" ಎಂದ. "ಆವತ್ತು ಬಂದು ಗೇಟಿನಿಂದ ತಿರುಗಿ ಹೋದೆ ನೋಡು, ಆಮೇಲೆ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ಕಾಯ್ತೇನೆ. ಅದು ಓಡಿದ್ರೆ ಇಲ್ಲಿ ಎಲ್ಲ ಸರಿ ಉಂಟೂಂತ. ಅದು ಕೇಳಿದ ಮೇಲೇ ನಾನು ಕಾಫಿ ಕುಡಿಯೋದು."

ಅವನು ಭಾವನ ಕಡೆ ನೋಡಿದ.

"ಇವತ್ತು ಲೋಟ ಕೈಯಲ್ಲಿ ಹಿಡಿದು ಕಾದೆ. ಓಡಲಿಲ್ಲ."