ಬದುವಿನ ಮೇಲಿನ ಗಂಧ

ಮಾಂಬಳ್ಳಿಯ ದೊಡ್ಡಮಾದಪ್ಪನವರಿಗೆ ಹೊಲದಲ್ಲಿ ಹುಟ್ಟುವ ಗಿಡಗಳಲ್ಲೆಲ್ಲ ಒಂದರ ಮೇಲೆ ಮಾತ್ರ ತೀರದ ಹಗೆ. ಅದು ಶ್ರೀಗಂಧ. ಹಕ್ಕಿ ಹಣ್ಣು ತಿಂದು ಬೇಲಿಯಲ್ಲಿ ಬೀಜ ಉದುರಿಸುವುದು, ಮಳೆ ಬಿದ್ದರೆ ಸಸಿ ಏಳುವುದು, ಎದ್ದದ್ದನ್ನು ಇವರು ಕಿತ್ತೆಸೆಯುವುದು. ಹುಚ್ಚೇನಲ್ಲ. ಆಗಿನ ಕಾಲಕ್ಕೆ ಭೂಮಿ ಯಾರದ್ದಾದರೂ ಗಂಧದ ಮರ ಸರ್ಕಾರದ್ದು. ಅವರು ಚಿಕ್ಕವರಿದ್ದಾಗ ಬದುವಿನ ಮೇಲಿದ್ದ ಮರವನ್ನು ಯಾರೋ ಕಳ್ಳರು ಕಡಿದುಕೊಂಡು ಹೋದರು. ಮರ ಸರ್ಕಾರದ್ದು, ಕಳ್ಳನೆಂಬ ಅಪವಾದ ಮಾತ್ರ ಅಪ್ಪನದು! ಜೀಪಿನಲ್ಲಿ ಹಿಡಿದುಕೊಂಡು ಹೋದ ಖಾಕಿಯವರು ಬಿಟ್ಟು ಕಳಿಸಿದ ದಿನ ಅಪ್ಪ ಊಟಕ್ಕೂ ಕೂರದೆ ಮಗನನ್ನು ಬದುವಿಗೆ ಕರೆದೊಯ್ದ.

"ಕಣ್ಣಿಗೆ ಬಿದ್ದೇಟ್ಗೇ ಕಿತ್ತಾಕ್ಬುಡ್ಲಾ. ಬೆಳೆಯಾಕ್ ಬುಟ್ಟೀಯ!"

ಆ ಸೀಮೆಯ ಗಂಧವನ್ನು ಕಳ್ಳರು ಹಾಳುಮಾಡಿದರು ಅನ್ನುತ್ತಾರೆ. ಬೆಳೆಸಬೇಕಾದ ಕೈಗಳೇ ಹೆದರಿ ಕಿತ್ತದ್ದನ್ನು ಯಾರೂ ಹೇಳುವುದಿಲ್ಲ.

ಮಗಳು ನಾಗಶ್ರೀ ಕೊಳ್ಳೇಗಾಲದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಈ ಮುಂಗಾರಿನಲ್ಲಿ ಅವಳು ಅದೇ ಬದುವಿನುದ್ದಕ್ಕೂ ಗಂಧದ ಸಸಿ ನೆಟ್ಟು, ಬೇರಿಗೆ ಆಸರೆಯಾಗಲೆಂದು ಪಕ್ಕಪಕ್ಕದಲ್ಲಿ ತೊಗರಿ ಇಟ್ಟಳು.

"ಕಾನೂನು ಬದ್ಲಾಯ್ತು ಅಪ್ಪ. ಬೆಳೆದೋರ್ದೇ ಮರ. ಕಡಿಯಾಕೆ ಮಾತ್ರ ಕೇಳ್ಬೇಕು."

"ಕೇಳ್ಬೇಕು ಅಂದ್ಮೇಲೆ ಅದು ನಮ್ದೆಂಗವ್ವಾ ಆಯ್ತದೆ?"

ನಾಗಶ್ರೀ ನಕ್ಕಳು. "ಕೇಳ್ದೆ ಇರೋ ಕಾಲಾನೂ ಬತ್ತದೆ. ನಾನ್ ಬರೋಗಂಟ ನೋಡ್ಕೊ, ಅಷ್ಟೇಯ" ಎಂದು ಬಸ್ಸು ಹತ್ತಿದಳು. ಹುಟ್ಟಿದಾಗಿನಿಂದ ಏನೂ ಕೇಳದ ಹುಡುಗಿ ಬಾಯಿಬಿಟ್ಟು ಕೇಳಿದ್ದು ಇದೊಂದೇ. ದೊಡ್ಡಮಾದಪ್ಪನವರು ಸಸಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು.

ಒಂದು ಮಧ್ಯಾಹ್ನ ಮುದ್ದೆ ಉಂಡು ಹೊಂಗೆ ನೆರಳಲ್ಲಿ ಕೂತರು. ಗಾಳಿ ತಣ್ಣಗಿತ್ತು. ಬಿಳಿಗಿರಿರಂಗನ ಬೆಟ್ಟ ಮೋಡದೊಳಗೆ ಇದ್ದೂ ಇಲ್ಲದಂತಿತ್ತು. ಬದುವಿನ ಮೇಲೆ ಅಪ್ಪ ನಡೆಯುತ್ತಿದ್ದ. ಸತ್ತು ಎಷ್ಟೋ ಕಾಲವಾದವನು ಹೆಗಲಿಗೆ ಟವಲು ಹಾಕಿಕೊಂಡು, ಬಗ್ಗುತ್ತಾ ಏಳುತ್ತಾ ನಡೆಯುತ್ತಿದ್ದ. ಸುತ್ತೆಲ್ಲ ಗಂಧದ ಕಂಪು. ಎಳೆ ಸಸಿಗೆ ಎಲ್ಲಿಯ ಕಂಪು ಎಂದು ಕೇಳಬೇಡಿ, ಕನಸಿಗೆ ಯಾರ ಪರ್ಮಿಟ್ಟೂ ಬೇಕಿಲ್ಲ. "ಬಿರ್ರನೆ ಬಾ ಮಗ, ಯಾರಾರ ನೋಡಾರು" ಎಂದ ಅಪ್ಪ. ದೊಡ್ಡಮಾದಪ್ಪನವರು ಹಿಂದೆ ಹಿಂದೆ ಹೋದರು, ಮೈ ಹಗುರಾಗಿತ್ತು, ಮತ್ತೆ ಹುಡುಗನಾದಂತಿತ್ತು.

ಎಚ್ಚರವಾದಾಗ ಬದುವಿನ ಆ ತುದಿಯಲ್ಲಿ ನಿಂತಿದ್ದರು. ಮುಷ್ಟಿಯ ತುಂಬ ಸಸಿ, ಉಗುರಲ್ಲಿ ಹಸಿ ಮಣ್ಣು. ಹಿಂತಿರುಗಿ ನೋಡಿದರೆ ಬರೀ ತೊಗರಿ.

ಸ್ವಲ್ಪ ಹೊತ್ತಿಗೆ ರಜೆಗೆಂದು ಬಸ್ಸಿಳಿದು ಮಗಳು ಬಂದಳು. "ಯಾರಪ್ಪ ಕಿತ್ತೋರು?"

ಮುದುಕ ಗಳಗಳನೆ ಅತ್ತುಬಿಟ್ಟರು. "ನಾನೇ ಕಣವ್ವ, ನಿದ್ದೆಗಣ್ಣಲ್ಲಿ. ಕಾನೂನು ಬದ್ಲಾಯ್ತು ಅಂದೆ ನೀನು. ಈ ಕೈಗ್ಯಾರೂ ತಿಳಿಸ್ನೇ ಇಲ್ವಲ್ಲವ್ವ."

ನಾಗಶ್ರೀಗೆ ಸಿಟ್ಟು ಉಕ್ಕಿತು, ಅಪ್ಪನ ಮೇಲಲ್ಲ, ಆ ಹೆದರಿಕೆ ಬಿತ್ತಿದವರ ಮೇಲೆ. ಬೇರುಗಳು ಇನ್ನೂ ಹಸಿಯಾಗಿದ್ದವು. ಕೊಡದಲ್ಲಿ ನೀರು ತಂದಿಟ್ಟಳು. "ಅಳ್ಬೇಡ. ಕಿತ್ತ ಕೈಲೇ ನೆಡು, ಕೈಗೂ ಗೊತ್ತಾಗ್ಲಿ."

ನೆಡುತ್ತಿರುವಾಗ ರಸ್ತೆಯಲ್ಲಿ ಖಾಕಿ ಬಣ್ಣದ ಜೀಪೊಂದು ಬಂತು. ಅವರ ಬೆರಳು ತಾನಾಗಿ ಸಸಿಯ ಬುಡ ಹಿಡಿಯಿತು. ಮುದುಕ ಕೀಳಲಿಲ್ಲ. ಬುಡದ ಮಣ್ಣು ಒತ್ತಿ, ಮೊಣಕಾಲೂರಿ ಎದ್ದು, ರಸ್ತೆಗೆ ಕೇಳುವಂತೆ ಕೂಗಿದರು:

"ಗಂಧ ಕಣ್ರಯ್ಯಾ! ನಂದು! ನಾನೇ ನೆಟ್ಟಿವ್ನಿ!"

ಜೀಪಿನಲ್ಲಿದ್ದವರು ಬೆಟ್ಟಕ್ಕೆ ಹೊರಟ ಭಕ್ತರು. ಯಾರೋ ಅಜ್ಜ ಮಾತಾಡಿಸುತ್ತಿದ್ದಾನೆಂದು ನಗುತ್ತಾ ಕೈಬೀಸಿ ಹೋದರು.